ಜೈಲಿಗೆ ಹೋದರೂ ತೀರದ ಬಾಕಿ

‘ಒಂದು ತಿಂಗಳು ಒಳಗಿದ್ದು ಬರ್ತೀನಿ ಬಿಡಿ ಸಾರ್, ಲೆಕ್ಕ ಚುಕ್ತಾ ಆಗಿಹೋಗ್ಲಿ.’

ಜೀವನಾಂಶದ ಬಾಕಿಗಾಗಿ ವಾರಂಟ್ ಹೊರಟ ಗಂಡಸರ ಬಾಯಲ್ಲಿ ಈ ಮಾತನ್ನು ಕೋರ್ಟಿನ ಜಗಲಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹೇಳುವವರು ಕೆಟ್ಟವರೇ ಆಗಿರಬೇಕೆಂದಿಲ್ಲ. ಆಟೊ ಓಡಿಸುವವರು, ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮಾಸ್ಟರ್ ಆಗಿರುವವರು, ಎರಡು ಎಕರೆ ಜಮೀನಿರುವವರು, ಒಮ್ಮೊಮ್ಮೆ ಒಳ್ಳೆಯ ಕಂಪನಿಯ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡೇ ಬಂದವರು. ಎಲ್ಲರಿಗೂ ಒಂದೇ ನಂಬಿಕೆ: ಜೈಲಿಗೆ ಹೋಗಿಬಂದರೆ ಸಾಲ ಹರಿಯುತ್ತದೆ.

ಹರಿಯುವುದಿಲ್ಲ. ಜೈಲು ಇರುವುದು ದುಡ್ಡು ಹೊರಗೆ ತರಿಸಲಿಕ್ಕೆ, ದುಡ್ಡಿನ ಬದಲಿಗೆ ಅಲ್ಲ ಎಂದು ಸುಪ್ರೀಂ ಕೋರ್ಟ್ 1980ರ ದಶಕದ ಕೊನೆಯಲ್ಲೇ ಸ್ಪಷ್ಟವಾಗಿ ಹೇಳಿಬಿಟ್ಟಿದೆ. ತಿಂಗಳು ಕಳೆದು ಹೊರಗೆ ಬಂದ ದಿನ ಹಳೆಯ ಬಾಕಿ ಪೈಸೆ ಬಿಡದೆ ಹಾಗೇ ನಿಂತಿರುತ್ತದೆ. ಒಳಗಿದ್ದ ತಿಂಗಳ ಕಂತೂ ಅದರ ಜೊತೆ ಸೇರಿಕೊಂಡಿರುತ್ತದೆ. ಕೊಟ್ಟರೆ ಮಾತ್ರ ತೀರುವ ಬಾಕಿ ಇದು. ಆದರೂ ಆ ತಪ್ಪು ನಂಬಿಕೆ ಯಾಕೆ ಇಷ್ಟು ಗಟ್ಟಿಯಾಗಿ ಉಳಿದಿದೆ ಎಂದು ಯೋಚಿಸಿದ್ದೇನೆ. ದಂಡ ಕಟ್ಟದವನಿಗೆ ಅದರ ಬದಲು ಇಷ್ಟು ದಿನ ಸಜೆ ಎಂದು ತೀರ್ಪಿನಲ್ಲಿ ಬರೆಯುವುದನ್ನು ಜನ ನೋಡಿದ್ದಾರೆ. ಮಗುವಿನ ಅನ್ನವನ್ನೂ ದಂಡದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆ.

ಬಹುಪಾಲು ಪ್ರಕರಣಗಳು ನಡೆಯುವುದು ಎಲ್ಲರಿಗೂ ‘125’ ಎಂದೇ ಗೊತ್ತಿರುವ ಕಲಮಿನ ಕೆಳಗೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಇದು 144ನೇ ಕಲಂ. ಸಂಖ್ಯೆ ಬದಲಾಗಿದೆ, ತಿರುಳು ಅದೇ: ದುಡಿಯುವ ಶಕ್ತಿಯುಳ್ಳವನು ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗುವನ್ನು ಸಾಕಲೇಬೇಕು. ಮದುವೆಯೊಳಗೆ ಹುಟ್ಟಿದ ಮಗುವೇ, ಹೊರಗೆ ಹುಟ್ಟಿದ ಮಗುವೇ ಎಂದು ಈ ಕಲಂ ಕೇಳುವುದಿಲ್ಲ, ಧರ್ಮವನ್ನೂ ಕೇಳುವುದಿಲ್ಲ. ತಾಯಿ ಸಂಪಾದಿಸುತ್ತಿದ್ದರೆ ಖರ್ಚು ಹಂಚಿಕೆಯಾದೀತೇ ಹೊರತು ತಂದೆಯ ಪಾಲು ಅಳಿಸಿಹೋಗದು. 2001ರವರೆಗೆ ಈ ಕಲಮಿನಡಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. ಆ ವರ್ಷದ ತಿದ್ದುಪಡಿ ಮಿತಿಯನ್ನು ತೆಗೆದುಹಾಕಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳಲ್ಲಿ ಆದಷ್ಟೂ ಮುಗಿಸಬೇಕೆಂದೂ ಹೇಳಿತು. ಆ 60 ದಿನ ನಮ್ಮ ಕೋರ್ಟುಗಳಲ್ಲಿ ಎಷ್ಟು ಉದ್ದ ಎಳೆಯುತ್ತದೆ ಎಂಬುದು ವಾಯಿದೆಗೆ ಅಲೆದವರಿಗೆ ಗೊತ್ತು.

ಬಾಕಿ ಹುಟ್ಟುವ ಬಗೆಯನ್ನು ಮೊದಲು ನೋಡೋಣ. ಆದೇಶವಾದ ಮೇಲೆ ತಿಂಗಳು ತಪ್ಪಿಸಿದರೆ ಬಾಕಿ ಎಂದು ತಂದೆಯಂದಿರು ತಿಳಿದಿರುತ್ತಾರೆ. ಆದರೆ ಆದೇಶ ಬಂದ ದಿನವೇ ಅವರು ಬಾಕಿದಾರರಾಗಿರುತ್ತಾರೆ. 2020ರ ನವೆಂಬರ್ 4ರಂದು ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರ ಪೀಠ ಕೊಟ್ಟ ತೀರ್ಪು ಇಡೀ ದೇಶದ ಜೀವನಾಂಶ ಪ್ರಕರಣಗಳಿಗೆ ಈಗ ಕೈಪಿಡಿಯಂತಿದೆ. ಅದರ ಪ್ರಕಾರ ಜೀವನಾಂಶ ಲೆಕ್ಕವಾಗಬೇಕಾದದ್ದು ಅರ್ಜಿ ಹಾಕಿದ ದಿನದಿಂದ. ಒಂದು ಲೆಕ್ಕ ಹಾಕಿ. ತಾಯಿ 2022ರ ಜೂನ್ ಮೊದಲ ದಿನ ಅರ್ಜಿ ಹಾಕಿದಳು, ಮಗುವಿಗೆ ತಿಂಗಳಿಗೆ 6,000 ಎಂದು ಆದೇಶ ಬಂದದ್ದು 2024ರ ಮಾರ್ಚ್ ಮೊದಲ ದಿನ. ನಡುವೆ ಕಳೆದದ್ದು 21 ತಿಂಗಳು. ಮಧ್ಯಂತರವಾಗಿ ಏನೂ ಕೊಟ್ಟಿರದಿದ್ದರೆ ಆದೇಶದ ದಿನವೇ 1,26,000 ರೂಪಾಯಿ ತಲೆಯ ಮೇಲೆ. ವಕೀಲರನ್ನು ಬದಲಾಯಿಸಿ, ಪಾಟೀಸವಾಲು ಮುಂದೂಡಿಸಿ, ಹೇಗೋ ಎರಡು ವರ್ಷ ತಳ್ಳಿದೆನೆಂದು ಸಮಾಧಾನಪಟ್ಟವನು ತಳ್ಳಿದ್ದು ತನ್ನ ಸಾಲವನ್ನೇ, ಗುಡ್ಡದ ತುದಿಗೆ. ಅದೇ ತೀರ್ಪು ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದಿತು. ಬೇಕೆಂದೇ ಆದೇಶ ಮೀರುವವನ ಪ್ರತಿವಾದವನ್ನೇ ತೆಗೆದುಹಾಕುವ ಅಧಿಕಾರ ಕೋರ್ಟಿಗೆ ಇದೆಯೆಂದೂ ನೆನಪಿಸಿತು.

ಇನ್ನು ವಸೂಲಿ. ಕಾಗದದ ಮೇಲೆ ಇದು ಬಹಳ ಗಟ್ಟಿ. ಸಕಾರಣವಿಲ್ಲದೆ ಕೊಡದಿದ್ದರೆ ಕೋರ್ಟು ದಂಡ ವಸೂಲಿಗೆ ಹೊರಡಿಸುವಂಥ ವಾರಂಟನ್ನೇ ಹೊರಡಿಸುತ್ತದೆ. ನಮ್ಮ ಕೋರ್ಟುಗಳ ಆಡುಮಾತಿನಲ್ಲಿ ‘ಎಫ್‌ಎಲ್‌ಡಬ್ಲ್ಯೂ’. ಬೈಕು, ಕಾರು, ಮನೆಯ ವಸ್ತು ಜಪ್ತಿ ಮಾಡಿ ಹರಾಜು ಹಾಕಬಹುದು. ಇಲ್ಲವೇ ಜಿಲ್ಲಾಧಿಕಾರಿಗೆ ಬರೆದು, ಭೂಕಂದಾಯದ ಬಾಕಿ ವಸೂಲಿ ಮಾಡುವ ಹಾಗೆಯೇ ಸ್ಥಿರಾಸ್ತಿಯಿಂದ ವಸೂಲಿ ಮಾಡಿಸಬಹುದು. ಅದಾದ ಮೇಲೂ ಉಳಿದ ಬಾಕಿಗೆ ಸೆರೆವಾಸ: ಒಂದು ತಿಂಗಳವರೆಗೆ, ಅಥವಾ ಅದಕ್ಕೂ ಮೊದಲೇ ಹಣ ಕಟ್ಟಿದರೆ ಕಟ್ಟುವವರೆಗೆ. ಹಲವು ತಿಂಗಳ ಬಾಕಿ ಒಟ್ಟಿಗೆ ಇದ್ದಾಗ ಒಂದೇ ತಿಂಗಳೋ, ತಪ್ಪಿದ ಒಂದೊಂದು ತಿಂಗಳಿಗೂ ಒಂದೊಂದು ತಿಂಗಳೋ ಎಂಬ ಬಗ್ಗೆ ಹೈಕೋರ್ಟುಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. ಒಂದು ತಿಂಗಳು ಮುಗಿದ ಮೇಲೆ ಮತ್ತೆ ತಪ್ಪಿದರೆ ಮತ್ತೆ ಅರ್ಜಿ ಹಾಕಿ ಮತ್ತೆ ಕಳಿಸಬಹುದು ಎಂಬುದರಲ್ಲಿ ಸಂಶಯವಿಲ್ಲ.

ವಾರಂಟು ಠಾಣೆಗೆ ಹೋದ ಮೇಲೆ ನಡೆಯುವುದೇ ಬೇರೆ. ‘ಆಸಾಮಿ ಸದರಿ ವಿಳಾಸದಲ್ಲಿ ವಾಸವಿಲ್ಲ’ ಎಂಬ ಷರಾ ಹೊತ್ತು ಅದು ವಾಪಸು ಬರುತ್ತದೆ. ಹೊಸ ವಾಯಿದೆ. ‘ವಿಳಾಸ ನೀವೇ ತಂದುಕೊಡಿ ಅಮ್ಮ’ ಎಂದು ಆಕೆಗೇ ಹೇಳುತ್ತಾರೆ. ಅವನು ಯಾವ ಬಡಾವಣೆಯಲ್ಲಿ ಬಾಡಿಗೆಗಿದ್ದಾನೆ, ಯಾವ ಕಂಪನಿಗೆ ಹೋಗುತ್ತಾನೆ, ಗಾಡಿ ಯಾರ ಹೆಸರಲ್ಲಿದೆ ಎಂದು ಪತ್ತೆ ಹಚ್ಚುವ ಕೆಲಸ ಮಗುವಿನ ತಾಯಿಯದು. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ಉಚಿತ ಟಿಕೆಟ್ ಸಿಕ್ಕರೂ ಕೂಲಿ ವಾಪಸು ಬರುವುದಿಲ್ಲ. ನನ್ನನ್ನು ಕಾಡುವುದು ಇದೇ. ತಪ್ಪಿದವನು ಒಬ್ಬ, ಅಲೆಯುವವಳು ಇನ್ನೊಬ್ಬಳು. ಆದೇಶ ಬರೆದ ಕೋರ್ಟಿಗೆ ಆ ಆದೇಶದಂತೆ ದುಡ್ಡು ಸಂದಿತೋ ಇಲ್ಲವೋ ಎಂಬುದು ಆಕೆ ಬಂದು ಹೇಳದ ಹೊರತು ತಿಳಿಯುವುದೇ ಇಲ್ಲ.

ಈ ಅಲೆದಾಟದ ನಡುವೆ ಆಕೆ ಮರೆಯಬಾರದ ಗಡುವೊಂದಿದೆ. ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಬಾಕಿಗೆ ಈ ಕಲಮಿನಡಿ ವಾರಂಟು ಸಿಗುವುದಿಲ್ಲ. ‘ಈ ತಿಂಗಳು ಕೊಡ್ತೀನಿ, ಮುಂದಿನ ತಿಂಗಳು ಸೇರಿಸಿ ಕೊಡ್ತೀನಿ’ ಎಂಬ ಮಾತು ನಂಬಿ ಕೂತವರು ಇಲ್ಲೇ ಸೋಲುತ್ತಾರೆ. ಎರಡು ತೀರ್ಪುಗಳು ಈ ಗಡುವಿನ ಕಠೋರತೆಯನ್ನು ಸ್ವಲ್ಪ ಸಡಿಲಿಸಿವೆ, ಮೊದಲನೆಯದು ಕರ್ನಾಟಕದಿಂದಲೇ ಹೋದ ಪ್ರಕರಣ. ಒಮ್ಮೆ ವರ್ಷದೊಳಗೆ ಅರ್ಜಿ ಹಾಕಿದ್ದರೆ, ಅದು ಇತ್ಯರ್ಥವಾಗುವವರೆಗೆ ಬೆಳೆಯುವ ಬಾಕಿಗೆ ಮತ್ತೆ ಮತ್ತೆ ಹೊಸ ಅರ್ಜಿ ಬೇಕಿಲ್ಲ, ಏಕೆಂದರೆ ಹೊಣೆ ತಿಂಗಳು ತಿಂಗಳೂ ಮುಂದುವರಿಯುತ್ತಲೇ ಇರುತ್ತದೆ ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವರ್ಷ ಮೀರಿದ ಬಾಕಿಗೆ ವಾರಂಟಿನ ದಾರಿ ಮುಚ್ಚಿರಬಹುದು, ಹಕ್ಕು ಸತ್ತಿಲ್ಲ, ಸಾಮಾನ್ಯ ಸಿವಿಲ್ ದಾರಿಯಲ್ಲಿ ವಸೂಲಿ ಮಾಡಬಹುದು ಎಂದು 2013ರಲ್ಲಿ ಹೇಳಿತು. ಆದರೆ ಸಿವಿಲ್ ದಾರಿ ಎಂದರೆ ಇನ್ನೊಂದು ಅಮಲ್ಜಾರಿ, ಇನ್ನೊಂದು ವಕಾಲತ್ತು, ಇನ್ನಷ್ಟು ವಾಯಿದೆ. ಗಡುವಿನೊಳಗೇ ಹೋಗುವುದು ಜಾಣತನ.

ಸಿವಿಲ್ ದಾರಿಯಲ್ಲಿ ಒಂದು ಬಲವಾದ ಅಸ್ತ್ರವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಸಂಬಳ ಜಪ್ತಿ. ಸಾಲ ಕೊಟ್ಟವನು ಡಿಕ್ರಿ ತಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಸಂಬಳದ ಮೊದಲ 1,000 ರೂಪಾಯಿಯನ್ನೂ ಉಳಿದದ್ದರಲ್ಲಿ ಮೂರನೇ ಎರಡು ಪಾಲನ್ನೂ ನೌಕರನಿಗೆ ಕಾಪಾಡಿಕೊಡುತ್ತದೆ. ಜೀವನಾಂಶದ ಡಿಕ್ರಿಯಾದರೆ ಕಾಪಾಡುವುದು ಮೂರನೇ ಒಂದು ಪಾಲನ್ನು ಮಾತ್ರ. ಜಪ್ತಿಗೆ ಲೆಕ್ಕ ಹಿಡಿಯುವ ಸಂಬಳ 30,000 ಇದ್ದರೆ ಸಾಲ ಕೊಟ್ಟವನ ಕೈಗೆ ಸಿಗಬಹುದಾದದ್ದು 9,667, ಮಗುವಿಗೆ 20,000ದವರೆಗೆ. ಕಾನೂನು ಬರೆದವರು ಯಾರ ಹಸಿವು ಮುಂದೆ ಎಂದು ಯೋಚಿಸಿಯೇ ಬರೆದಿದ್ದಾರೆ. ಜಪ್ತಿ ಆದೇಶ ತಲುಪಿದ ಮೇಲೂ ಮಾಲೀಕ ಅದನ್ನು ಕಡೆಗಣಿಸಿ ಪೂರ್ತಿ ಸಂಬಳ ಕೊಟ್ಟುಬಿಟ್ಟರೆ ಆ ಮೊತ್ತಕ್ಕೆ ಅವನೇ ಹೊಣೆ. ಸರ್ಕಾರಿ ನೌಕರನಿಗೂ ಖಾಸಗಿ ಕಂಪನಿಯ ನೌಕರನಿಗೂ ಇದು ಅನ್ವಯ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005 ಇನ್ನೂ ನೇರ. ಅದರ 20ನೇ ಕಲಂ ಪ್ರಕಾರ ಕೊಡಲು ತಪ್ಪಿದವನ ಸಂಬಳದ ಒಂದು ಭಾಗವನ್ನು ನೇರವಾಗಿ ಹೆಂಡತಿಗೇ ಕೊಡುವಂತೆ ಅಥವಾ ಕೋರ್ಟಿಗೆ ಕಟ್ಟುವಂತೆ ಮ್ಯಾಜಿಸ್ಟ್ರೇಟರು ಮಾಲೀಕನಿಗೆ ಆದೇಶಿಸಬಹುದು. ಸಿವಿಲ್ ಸೆರೆವಾಸವೂ ಉಂಟು, ಮೂರು ತಿಂಗಳವರೆಗೆ. ಕೈಯಲ್ಲಿ ದುಡ್ಡಿದ್ದೂ ಕೊಡದವನಿಗೆ ಮೀಸಲಾದ ಕ್ರಮ ಅದು.

ಹಳ್ಳಿಯ ಕಡೆ ಸಂಬಳವಿಲ್ಲ, ಪಹಣಿ ಇದೆ. ಅಲ್ಲಿಯ ತಂತ್ರ ಬೇರೆ. ಕೇಸು ಬೀಳುವ ಸುಳಿವು ಸಿಕ್ಕ ಕೂಡಲೇ ಜಮೀನು ಅಣ್ಣನ ಹೆಸರಿಗೋ ಅಮ್ಮನ ಹೆಸರಿಗೋ ದಾನಪತ್ರವಾಗುತ್ತದೆ. ‘ನನ್ನ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ’ ಎಂದು ಪ್ರಮಾಣಪತ್ರದಲ್ಲಿ ಬರೆದುಕೊಡುತ್ತಾನೆ. ದುಡ್ಡಿಲ್ಲದೆ, ಬರೀ ಪ್ರೀತಿವಿಶ್ವಾಸಕ್ಕೆಂದು ಬರೆಸಿಕೊಂಡ ಆಸ್ತಿಯ ಮೇಲೂ ಜೀವನಾಂಶದ ಹಕ್ಕು ಬೆನ್ನು ಹತ್ತಿ ಬರಬಹುದೆಂದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯೂ ಆಸ್ತಿ ವರ್ಗಾವಣೆ ಕಾಯ್ದೆಯೂ ಹೇಳುತ್ತವೆ. ಬರೆಸಿಕೊಂಡ ಅಣ್ಣನಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಬ್ಯಾಂಕಿನ ಸಾಲವನ್ನು ಮುಂದೆ ಮಾಡಿ ತಪ್ಪಿಸಿಕೊಳ್ಳುವುದೂ ಈಗ ಕಷ್ಟ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಹಕ್ಕು ಮೂಲಭೂತ ಹಕ್ಕಿಗೆ ಸಮ, ಹಣಕಾಸು ಸಂಸ್ಥೆಗಳ ವಸೂಲಿಗಿಂತ ಅದೇ ಮೊದಲು ಎಂದು ಹೇಳಿ, ಬಾಕಿ ಕೊಡದಿದ್ದರೆ ಆ ವ್ಯಕ್ತಿಯ ಸ್ಥಿರಾಸ್ತಿ ಹರಾಜು ಹಾಕಿಯಾದರೂ ಕೊಡಿಸಿ ಎಂದಿತು.

ನಿಜವಾಗಿಯೂ ಕೈ ಕಟ್ಟಿಹೋದ ತಂದೆಯೂ ಇದ್ದಾನೆ. ಕಂಪನಿ ಕೆಲಸದಿಂದ ತೆಗೆದಿದೆ, ಅಪಘಾತದಲ್ಲಿ ಕಾಲು ಹೋಗಿದೆ, ಬೆಳೆ ಒಣಗಿದೆ. ಅವನ ಮೇಲೆ ನನಗೆ ಕನಿಕರವಿದೆ, ಕಾನೂನಿಗೂ ಇದೆ. ಆದರೆ ಕಾನೂನಿನ ಕನಿಕರ ಅರ್ಜಿ ಹಾಕಿದವನಿಗೆ ಮಾತ್ರ ಸಿಗುತ್ತದೆ. ಪರಿಸ್ಥಿತಿ ಬದಲಾಗಿದ್ದರೆ ಮೊತ್ತ ಕಡಿಮೆ ಮಾಡಿ ಎಂದು ಹಳೆಯ 127, ಈಗಿನ 146ನೇ ಕಲಮಿನಡಿ ಕೇಳಬಹುದು. ಕೇಳದೆ ಸುಮ್ಮನೆ ನಿಲ್ಲಿಸಿಬಿಟ್ಟರೆ ಹಳೆಯ ಮೊತ್ತವೇ ತಿಂಗಳು ತಿಂಗಳೂ ಏರುತ್ತ ಹೋಗುತ್ತದೆ. ವರ್ಷ ಬಿಟ್ಟು ಹೋಗಿ ‘ಆಗ ನನಗೆ ಕೆಲಸವಿರಲಿಲ್ಲ’ ಎಂದರೆ ಕೇಳುವ ಕಿವಿ ಸಣ್ಣದಾಗಿರುತ್ತದೆ. ಕೆಲಸವಿಲ್ಲ ಎಂಬ ಒಂದೇ ಮಾತನ್ನಂತೂ ಮೇಲಿನ ಕೋರ್ಟುಗಳು ಒಪ್ಪುತ್ತಿಲ್ಲ. ಮೈಯಲ್ಲಿ ಶಕ್ತಿಯಿದ್ದರೆ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಕೆಲಸ ಹೋದ ತಿಂಗಳೇ ವಕೀಲರ ಹತ್ತಿರ ಹೋಗಿ, ಆಗುವಷ್ಟನ್ನು ಬ್ಯಾಂಕಿನ ಮೂಲಕ ಹಾಕುತ್ತಿರಿ. ಪೂರ್ತಿ ಕೊಡಲಾಗದಿದ್ದರೂ 2,000 ಹಾಕಿದ ತಂದೆಯನ್ನು ಕೋರ್ಟು ನೋಡುವ ಬಗೆ ಬೇರೆ, ಏನೂ ಹಾಕದವನನ್ನು ನೋಡುವ ಬಗೆ ಬೇರೆ. ಕೈಯಲ್ಲಿ ಕೊಟ್ಟ ನಗದು, ಹಬ್ಬಕ್ಕೆ ತಂದ ಬಟ್ಟೆ, ಮಗುವಿಗೆ ಕೊಡಿಸಿದ ಮೊಬೈಲು ಯಾವುದೂ ತಾನಾಗಿ ಲೆಕ್ಕಕ್ಕೆ ಬರುವುದಿಲ್ಲ. ರಸೀದಿ ಇಲ್ಲದ ಪ್ರೀತಿಯನ್ನು ಸಾಬೀತು ಮಾಡಲಾಗದೆ ನಿಂತ ತಂದೆಯರನ್ನೂ ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ.

‘ಮಗು ಮುಖ ತೋರಿಸಲ್ಲ, ನಾನ್ಯಾಕೆ ದುಡ್ಡು ಕೊಡ್ಲಿ?’ ಈ ಪ್ರಶ್ನೆಯ ಹಿಂದೆ ನೋವಿದೆ. ಆದರೆ ಎರಡೂ ಬೇರೆ ಬೇರೆ ಹಾದಿ. ಮಗುವನ್ನು ನೋಡುವ ಹಕ್ಕಿಗೆ ಬೇರೆ ಅರ್ಜಿ ಇದೆ, ಅದನ್ನು ಹಾಕಬೇಕು. ಅದಕ್ಕಾಗಿ ಅನ್ನ ನಿಲ್ಲಿಸುವಂತಿಲ್ಲ. ದುಡ್ಡು ಬಂದಿಲ್ಲವೆಂದು ತಾಯಿ ಮಗುವನ್ನು ಬಚ್ಚಿಡುವಂತೆಯೂ ಇಲ್ಲ. ರಾಜಿ ಪಂಚಾಯಿತಿಯಲ್ಲಿ ‘ಮಗುವಿಗೆ ಏನೂ ಕೇಳುವುದಿಲ್ಲ’ ಎಂದು ತಾಯಿಯಿಂದ ಬರೆಸಿಕೊಂಡು ಹಗುರಾದೆ ಎಂದುಕೊಂಡವರಿಗೂ ಒಂದು ಮಾತು: ಆ ಹಕ್ಕು ತಾಯಿಯದಲ್ಲ, ಮಗುವಿನದು. ತನ್ನದಲ್ಲದ್ದನ್ನು ಆಕೆ ಬಿಟ್ಟುಕೊಡಲಾರಳು ಎಂಬುದು ಕೋರ್ಟುಗಳು ಹಲವು ಸಲ ಹೇಳಿರುವ ಮಾತು. ಹದಿನೆಂಟು ತುಂಬಿದ ದಿನ ಎಲ್ಲ ಮುಗಿಯಿತೆಂದೂ ಅಲ್ಲ. ಹೊಸದಾಗಿ ಕಂತು ಏಳುವುದು ನಿಂತೀತು, ಹಿಂದಿನ ಬಾಕಿ ನಿಲ್ಲುವುದಿಲ್ಲ. ಮದುವೆಯಾಗದ ಮಗಳಿಗೆ ಹಿಂದೂ ಕಾಯ್ದೆಯಲ್ಲಿ ಅದರಾಚೆಗೂ ಹಕ್ಕಿದೆ. 2021ರ ಮಾರ್ಚ್‌ನಲ್ಲಿ ಕರ್ನಾಟಕದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಕಾಲದಲ್ಲಿ ಹದಿನೆಂಟಕ್ಕೆ ಓದು ಮುಗಿಯುವುದಿಲ್ಲ ಎಂದು ಮಗನ ಮೊದಲ ಪದವಿಯವರೆಗೆ ಖರ್ಚು ಕೊಡಿಸಿತು.

ವಿದೇಶದಲ್ಲಿರುವ ನಮ್ಮವರ ವಿಷಯ ಇನ್ನೂ ಸಿಕ್ಕು. ಅಮೆರಿಕದಲ್ಲಿ ಅಲ್ಲಿಯ ಆದೇಶವಿದ್ದರೆ ಸಾಮಾನ್ಯವಾಗಿ ಸಂಬಳ ಕೈಗೆ ಬರುವ ಮೊದಲೇ ಮಗುವಿನ ಪಾಲು ಮಾಲೀಕನ ಹಂತದಲ್ಲೇ ಕಡಿತವಾಗುತ್ತದೆ. ಬಾಕಿ 2,500 ಡಾಲರ್ ದಾಟಿದರೆ ಅಲ್ಲಿಯ ಪ್ರಜೆಗೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಬೆಂಗಳೂರಿನ ಆದೇಶ ಹಿಡಿದುಕೊಂಡ ತಾಯಿಗೆ ಆ ಅನುಕೂಲವಿಲ್ಲ. ಮಕ್ಕಳ ಜೀವನಾಂಶವನ್ನು ದೇಶದಿಂದ ದೇಶಕ್ಕೆ ವಸೂಲು ಮಾಡಿಕೊಳ್ಳಲೆಂದು 2007ರಲ್ಲಿ ಹೇಗ್‌ನಲ್ಲಾದ ಒಪ್ಪಂದಕ್ಕೆ ಅಮೆರಿಕ ಸೇರಿದೆ, ಭಾರತ ಸೇರಿಲ್ಲ. ಹಾಗಾಗಿ ಅಲ್ಲಿಯ ರಾಜ್ಯದ ಕೋರ್ಟಿನಲ್ಲಿ ಮತ್ತೆ ಮೊದಲಿನಿಂದ ಹೆಣಗಬೇಕು. ಒಂದೇ ಸಮಾಧಾನ, ಹೊರದೇಶದಲ್ಲಿರುವ ಕನ್ನಡಿಗ ಊರಲ್ಲೊಂದು ಸೈಟು ಮಾಡದೆ ಇರುವುದಿಲ್ಲ. ಮೈಸೂರಿನ ಸೈಟು ಮೈಸೂರಿನ ಕೋರ್ಟಿಗೆ ಸಿಗುತ್ತದೆ.

ಆ ಮೂಲದಲ್ಲೇ ಕಡಿತ ಮಾಡುವ ಪದ್ಧತಿ ನಮ್ಮಲ್ಲಿ ಯಾಕಿಲ್ಲ ಎಂದು ಕೇಳುವುದನ್ನು ನಾನು ಬಿಡುವುದಿಲ್ಲ. ಮನೆ ಸಾಲದ ಕಂತು ಐದನೇ ತಾರೀಖಿಗೆ ತಾನಾಗಿ ಖಾತೆಯಿಂದ ಹೋಗುತ್ತದೆ, ಭವಿಷ್ಯನಿಧಿ ಹೋಗುತ್ತದೆ, ವೃತ್ತಿ ತೆರಿಗೆ ಹೋಗುತ್ತದೆ. ಮಗುವಿನ ಹಾಲಿನ ದುಡ್ಡಿಗೆ ಮಾತ್ರ ಮೊದಲು ತಪ್ಪಬೇಕು, ಆಮೇಲೆ ಅರ್ಜಿ, ಆಮೇಲೆ ವಾರಂಟು, ಆಮೇಲೆ ಷರಾ. ಸಂಬಳದಾರನ ವಿರುದ್ಧ ಜೀವನಾಂಶದ ಆದೇಶ ಬರೆಯುವ ದಿನವೇ ಕಡಿತದ ಆದೇಶವನ್ನೂ ಬರೆದುಬಿಟ್ಟರೆ ಅರ್ಧಕ್ಕರ್ಧ ಅಮಲ್ಜಾರಿ ಹುಟ್ಟುವುದೇ ಇಲ್ಲ ಎಂಬುದು ನನ್ನ ನಂಬಿಕೆ. ತಪ್ಪಿದ ಮೇಲೆ ಕಡಿತ ಮಾಡಿಸುವ ಅಧಿಕಾರ ಈಗಾಗಲೇ ಕಾನೂನಿನಲ್ಲಿದೆ, ಅದನ್ನು ಮೊದಲ ದಿನಕ್ಕೆ ತರುವ ತಿದ್ದುಪಡಿಯೊಂದು ಸಾಕು. ದಿನಗೂಲಿಯವನ ಮಟ್ಟಿಗೆ ಇದು ಕೆಲಸಕ್ಕೆ ಬಾರದು, ಒಪ್ಪುತ್ತೇನೆ. ಅವನ ಮಗುವಿನ ತಾಯಿಗೆ ಸರ್ಕಾರವೇ ಸ್ವಲ್ಪ ಮುಂಗಡ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳುವ ವ್ಯವಸ್ಥೆಯ ಬಗ್ಗೆ ಯೋಚಿಸಬೇಕು.

ಅದೆಲ್ಲ ಆಗುವವರೆಗೆ ತಾಯಂದಿರು ಮಾಡಬಹುದಾದದ್ದು ಇಷ್ಟು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಉಚಿತ ವಕೀಲರ ನೆರವು ಹಕ್ಕು, ಆದಾಯ ಎಷ್ಟೇ ಇರಲಿ. ತಾಲ್ಲೂಕಿನ ಕೋರ್ಟು ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಬೆಂಗಳೂರಿನಲ್ಲಿ ಕೌಟುಂಬಿಕ ನ್ಯಾಯಾಲಯ ಇರುವ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲೇ ರಾಜ್ಯ ಪ್ರಾಧಿಕಾರವೂ ಇದೆ. 15100ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಹೋಗುವಾಗ ಆದೇಶದ ದೃಢೀಕೃತ ಪ್ರತಿ, ಯಾವ ತಿಂಗಳು ಬಂತು ಯಾವ ತಿಂಗಳು ಬರಲಿಲ್ಲ ಎಂದು ತೋರಿಸುವ ಬ್ಯಾಂಕ್ ಪಾಸ್‌ಬುಕ್, ಅವನ ಈಗಿನ ವಿಳಾಸ ಮತ್ತು ಕೆಲಸದ ಜಾಗ ಬರೆದ ಒಂದು ಚೀಟಿ ಇಟ್ಟುಕೊಳ್ಳಿ. ಮೊದಲು ತಪ್ಪಿದ ತಿಂಗಳಿಗೆ ವರ್ಷ ತುಂಬುವ ಮೊದಲೇ ಹೋಗಿ.